ಸ್ಟಿಕ್ಕರಿನಡಿಯ ನೀಲಿ

ನನ್ನ ಪಿಕಪ್ಪಿನ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುತ್ತದೆ ಎಂದು ನಾನು ಹದಿನಾಲ್ಕು ತಿಂಗಳು ನಂಬಿಕೊಂಡಿದ್ದೆ. ನಂಬುವುದಕ್ಕೆ ಆಧಾರವೂ ಇತ್ತು: ಗಾಡಿಯ ಪಕ್ಕದಲ್ಲಿ ಅಂಗೈಯಗಲದ ಕೆಂಪು ಅಕ್ಷರಗಳಲ್ಲಿ ‘4x4’ ಎಂದು ಅಂಟಿಸಿತ್ತು. ಒಳಗೆ ಅದಕ್ಕೆ ಬೇಕಾದ ಗುಂಡಿಯಾಗಲಿ ಲಿವರ್ ಆಗಲಿ ಎಲ್ಲೂ ಕಾಣಲಿಲ್ಲ. ಬೇಕಾದಾಗ ತಾನೇ ಕೆಲಸ ಮಾಡುವ ಮಾಡೆಲ್ ಇರಬೇಕು ಅಂದುಕೊಂಡೆ. ನಾನು ಸಂಬಳಕ್ಕಿರುವುದು ಗಾಡಿಯ ಬಿಡಿಭಾಗಗಳ ಅಂಗಡಿಯ ಕೌಂಟರಿನಲ್ಲಿ ಎನ್ನುವುದನ್ನು ಇಲ್ಲಿ ಹೇಳದೆ ಬಿಡಬಹುದಿತ್ತು. ಆದರೆ ನಮ್ಮೂರಿನಲ್ಲಿ ಯಾರೂ ಬಿಟ್ಟಿಲ್ಲ, ನಾನೇಕೆ ಬಿಡಲಿ.

ಹೋದ ವರ್ಷ ಏಪ್ರಿಲ್‌ನಲ್ಲಿ ಮೀನು ಹಿಡಿಯಲೆಂದು ಹೊಳೆಯಂಚಿನ ಹೊಲಕ್ಕೆ ಗಾಡಿ ಇಳಿಸಿದೆ. ಎರಡು ದಿನ ಮಳೆ ಬಿದ್ದು ನೆಲ ಹಿಟ್ಟು ಕಲಸಿದ ಹಾಗಾಗಿತ್ತು. ಹಿಂದಿನ ಚಕ್ರಗಳು ಅಚ್ಚಿನವರೆಗೆ ಹೂತವು, ಮುಂದಿನವು ನೋಡುತ್ತ ಕೂತವು. ಇನ್ನೇನು ಆ ತಾನೇ ಕೆಲಸ ಮಾಡುವ ಮಾಡೆಲ್ ಎಚ್ಚರಗೊಳ್ಳುತ್ತದೆ ಎಂದು ನಾನು ಆಕ್ಸಿಲರೇಟರ್ ಒತ್ತುತ್ತಲೇ ಇದ್ದೆ. ಕೊನೆಗೆ ರಸ್ತೆಯಲ್ಲಿ ಹೋಗುತ್ತಿದ್ದ ಒಂದು ನೀಲಿ ಪಿಕಪ್ ನಿಂತಿತು. ಇಳಿದವರು ಎಪ್ಪತ್ತು ದಾಟಿದ ಹೆಂಗಸು, ಕಾಲಲ್ಲಿ ಮೊಣಕಾಲುದ್ದದ ರಬ್ಬರ್ ಬೂಟು. ಅವರೇ ಲವೇಡಾ ಸ್ಟ್ರೌಡ್. ಮದುವೆಯಾದ ಹಿರಿಯರನ್ನೂ ಮಿಸ್ ಎನ್ನುವ ನಮ್ಮ ಕಡೆಯ ರೂಢಿಯಂತೆ ನಾವೆಲ್ಲ ಕರೆಯುವುದು ಮಿಸ್ ಲವೇಡಾ ಎಂದು. ಸರಪಳಿ ಕಟ್ಟುವ ಮೊದಲು ಅವರು ಕೆಸರಿನಲ್ಲೇ ಬಗ್ಗಿ ನನ್ನ ಗಾಡಿಯ ಮುಂದಿನ ಬಂಪರಿನಡಿ ತಲೆ ಹಾಕಿ ನೋಡಿದರು. ಮುಂದಿನ ಚಕ್ರಗಳಿಗೆ ಬಲ ಒಯ್ಯುವ ದಂಡ ಇರಬೇಕಾದ ಜಾಗದಲ್ಲಿ ಗಾಳಿ ಬಿಟ್ಟರೆ ಬೇರೇನೂ ಇರಲಿಲ್ಲ.

“ಮಗಾ, ಇದನ್ನ ನಿಂಗೆ ಮಾರ್ದೋನು ಸ್ಟಿಕ್ಕರ್ ಮಾರಿದಾನೆ,” ಅಂದರು. “ಅದರ ಜೊತೆಗೆ ಒಂದು ಗಾಡೀನೂ ಕೊಟ್ಟಿದಾನೆ ಅಷ್ಟೆ.”

ಅಂದಿನಿಂದ ಊರಿನಲ್ಲಿ ನನ್ನ ಹೆಸರು ಡಾಲ್ಟನ್ ಅಲ್ಲ, ಫೋರ್-ಬೈ. ಪಾದ್ರಿ ಕೂಡ ಹಾಗೇ ಕರೆಯುತ್ತಾರೆ, ಸ್ವಲ್ಪ ಮೆಲ್ಲಗೆ.

ಆ ಮರುವಾರ ನನ್ನ ಗಾಡಿಯ ಸುಳ್ಳು ಸ್ಟಿಕ್ಕರನ್ನು ಕಿತ್ತುಕೊಟ್ಟವರೂ ಲವೇಡಾ ಅವರೇ. ನಾನು ಚಾಕುವಿನಲ್ಲಿ ಕೆರೆಯಲು ಹೊರಟಿದ್ದೆ. ನನ್ನ ಕೈಗೆ ಒಂದು ಏಟು ಹಾಕಿ, ತಮ್ಮ ಹೇರ್ ಡ್ರೈಯರ್ ತಂದು ಬಿಸಿ ಮಾಡಿ, ಮೂಲೆಯಿಂದ ಎತ್ತಿ ಹಾಳೆ ಮಗುಚುವಂತೆ ತೆಗೆದರು. ಸ್ಟಿಕ್ಕರ್, ಬ್ಯಾಡ್ಜ್ ಇಂಥವನ್ನು ನೆಟ್ಟಗೆ ಅಂಟಿಸುವುದರಲ್ಲೂ ಅಂದವಾಗಿ ಬಿಡಿಸುವುದರಲ್ಲೂ ಪಶ್ಚಿಮ ಕೆಂಟಕಿಯ ನಮ್ಮ ಈ ಮೂಲೆಯಲ್ಲಿ ಅವರನ್ನು ಮೀರಿಸುವವರಿಲ್ಲ. ಅದಕ್ಕೆ ಕಾರಣ ಊರಿನ ಶರಟಿನ ಕಾರ್ಖಾನೆ. ಅದು ಮುಚ್ಚುವವರೆಗೆ ಇಪ್ಪತ್ತಾರು ವರ್ಷ ಅವರು ಅಲ್ಲಿ ಶರಟಿನ ಕಾಲರಿನೊಳಗೆ ಲೇಬಲ್ಲು ಹೊಲಿಯುತ್ತಿದ್ದರು. ಒಂದೇ ಬಟ್ಟೆ, ಒಂದೇ ಹೊಲಿಗೆ, ಒಂದೇ ಗುಂಡಿಯ ಶರಟುಗಳು ಬರುತ್ತಿದ್ದವಂತೆ. ಊಟದ ಗಂಟೆಗೆ ಮುಂಚೆ ಒಂದು ಲೇಬಲ್ಲು, ಊಟವಾದ ಮೇಲೆ ಇನ್ನೊಂದು. ಒಂದು ದೊಡ್ಡ ಪಟ್ಟಣದ ಅಂಗಡಿಗೆ ಹೋಗುತ್ತಿತ್ತು, ಇನ್ನೊಂದು ಹೆದ್ದಾರಿ ಪಕ್ಕದ ಅಗ್ಗದ ಅಂಗಡಿಗೆ. ಚರ್ಚಿನಲ್ಲಿ ಯಾರಾದರೂ ತಮ್ಮ ಶರಟಿನ ಬಗ್ಗೆ ಜಂಬ ಕೊಚ್ಚಿಕೊಂಡರೆ ಲವೇಡಾ ಹಿಂದಿನ ಬೆಂಚಿನಿಂದ ಕಾಲರಿನೊಳಗೆ ಇಣುಕಿ, “ಇದು ಊಟದ ಮುಂಚಿಂದಾ, ಆಮೇಲಿಂದಾ?” ಎನ್ನುವುದು ವಾಡಿಕೆಯಾಗಿತ್ತು.

ಅವರ ಗಂಡ ಡಾಯ್ಲ್ ಸ್ಟ್ರೌಡ್ ಮಾತು ಕಡಿಮೆಯ ಮನುಷ್ಯ. ನಮ್ಮ ಅಂಗಡಿಗೆ ಬಂದರೆ ಬೇಕಾದ ಭಾಗದ ಹಳೆಯದನ್ನು ಕೌಂಟರಿನ ಮೇಲಿಟ್ಟು ಸುಮ್ಮನೆ ನಿಲ್ಲುತ್ತಿದ್ದರು. ಯುವಕರಾಗಿದ್ದಾಗ ಸೇನೆಗೆ ಕರೆ ಬಂದು ಹೋಗಿದ್ದರು, ಎರಡು ವರ್ಷಕ್ಕೆ ಹಿಂದಿರುಗಿದ್ದರು. ವಿಯೆಟ್ನಾಂ ಯುದ್ಧ ನಡೆಯುತ್ತಿದ್ದ ಕಾಲ ಅದು. ನಮ್ಮೂರಿನಲ್ಲಿ ಒಂದು ಮರ್ಯಾದೆ ಇದೆ: ಅಲ್ಲಿಂದ ಬಂದವರನ್ನು ಅಲ್ಲಿಯ ಬಗ್ಗೆ ಕೇಳಬಾರದು. ತಾವಾಗಿ ಹೇಳಿದರೆ ಕೇಳಿಸಿಕೊಳ್ಳಬೇಕು, ಹೇಳದಿದ್ದರೆ ಕಾಫಿ ಕೊಡಬೇಕು. ಡಾಯ್ಲ್ ಹೇಳಲಿಲ್ಲ. ಊರು ಅವರಿಗೆ ಐವತ್ತು ವರ್ಷ ಕಾಫಿ ಕೊಟ್ಟಿತು.

ಲವೇಡಾ ಕೊಟ್ಟದ್ದು ಕಾಫಿಯಷ್ಟೇ ಅಲ್ಲ. ಹೋಟೆಲಿಗೆ ಹೋದರೆ ಬಾಗಿಲಿಗೆ ಎದುರಾಗಿರುವ ಕುರ್ಚಿ ಡಾಯ್ಲ್‌ಗೆ, ಗೋಡೆ ನೋಡುವ ಕುರ್ಚಿ ತಮಗೆ. ಸ್ವಾತಂತ್ರ್ಯ ದಿನವಾದ ಜುಲೈ ನಾಲ್ಕರಂದು ಊರೆಲ್ಲ ಪಟಾಕಿ ನೋಡಲು ಕೆರೆ ಏರಿಗೆ ಹೋದರೆ ಇವರಿಬ್ಬರೂ ಮನೆಯ ನೆಲಮಾಳಿಗೆಯಲ್ಲಿ ರೇಡಿಯೋ ಹಾಕಿಕೊಂಡು ಕೂರುತ್ತಿದ್ದರು. ಒಮ್ಮೆ ಕಾರ್ಖಾನೆಯವರು ಲವೇಡಾ ಅವರನ್ನು ನ್ಯಾಶ್‌ವಿಲ್‌ನ ದೊಡ್ಡ ಘಟಕಕ್ಕೆ ಮೇಲ್ವಿಚಾರಕಿಯಾಗಿ ಕರೆದರು. ಮೂವತ್ತು ಹೆಂಗಸರು ಕೈಕೆಳಗೆ, ಗಾಜಿನ ಕೋಣೆ, ಬಾಗಿಲ ಮೇಲೆ ಹೆಸರು. ಡಾಯ್ಲ್ ಬೇಡ ಅನ್ನಲಿಲ್ಲ. ಎರಡು ದಿನ ಜಗಲಿಯಲ್ಲಿ ಮಾತಿಲ್ಲದೆ ಕೂತರು. ಪಟ್ಟಣದ ಗದ್ದಲ ಈ ಮನುಷ್ಯನಿಂದ ಆಗುವುದಿಲ್ಲ, ಅವನು ಕಂಡದ್ದು ಅಂಥದ್ದು ಎಂದು ಲವೇಡಾ ತಾವೇ ತೀರ್ಮಾನಿಸಿ, ಮೂರನೆಯ ದಿನ ಹೋಗಿ ಒಲ್ಲೆ ಎಂದು ಹೇಳಿ ಬಂದರು. ಇದನ್ನು ಅವರು ನನಗೆ ದೂರಿನಂತೆ ಹೇಳಿದ್ದಲ್ಲ. ಡಾಯ್ಲ್ ಬದುಕಿದ್ದಾಗ, ಒಂದು ಹೆಮ್ಮೆಯ ಕತೆಯಂತೆಯೇ ಹೇಳಿದ್ದು.

ಇನ್ನು ಆ ನೀಲಿ ಪಿಕಪ್ಪಿನ ಹಿಂಬಾಗಿಲಿನಲ್ಲೂ ಒಂದು ಸ್ಟಿಕ್ಕರ್ ಇತ್ತು. ಅದನ್ನು ತಂದುಕೊಟ್ಟವರು ಗಾರ್ಲಂಡ್ ಪ್ರೂಯಿಟ್. ಗಾರ್ಲಂಡ್ ನಿಜಕ್ಕೂ ವಿಯೆಟ್ನಾಮಿನಲ್ಲಿದ್ದವರು. ಎಡಗಾಲು ಮೊಣಕಾಲಿನ ಕೆಳಗೆ ಅಲ್ಲೇ ಉಳಿಯಿತು. ಒಂದು ಕಿವಿಯೂ ಕೇಳಿಸದು. ಇಪ್ಪತ್ತು ವರ್ಷದ ಹಿಂದೆ ಸ್ಟ್ರೌಡ್ ದಂಪತಿ ಈ ಪಿಕಪ್ ಕೊಂಡ ವಾರ ಅವರು ಒಂದೇ ಥರದ ಎರಡು ಸ್ಟಿಕ್ಕರ್ ತಂದರು. ಹಳದಿ ಪಟ್ಟಿ, ಅಂಚಿಗೆ ಹಸಿರು, ನಡುವೆ ಮೂರು ಕೆಂಪು ಗೆರೆ; ಕೆಳಗೆ ದಪ್ಪಕ್ಷರದಲ್ಲಿ ‘ವಿಯೆಟ್ನಾಂ ಯೋಧ’. ಒಂದು ತಮ್ಮ ಗಾಡಿಗೆ, ಒಂದು ಡಾಯ್ಲ್‌ಗೆ. ಡಾಯ್ಲ್ ಜೇಬಿನಲ್ಲಿ ಕೈಯಿಟ್ಟುಕೊಂಡು ಮೂರು ಸಲ ಬೇಡ ಬಿಡು ಅಂದರಂತೆ. ಎಲ್ಲರೂ ಅದನ್ನು ಸಂಕೋಚ ಎಂದುಕೊಂಡರು. ಕೊನೆಗೆ ಲವೇಡಾ ಸೋಪಿನ ನೀರು ಚಿಮುಕಿಸಿ, ಅಳತೆಪಟ್ಟಿ ಹಿಡಿದು, ಒಂದು ಗುಳ್ಳೆಯೂ ಏಳದ ಹಾಗೆ ಅದನ್ನು ತಮ್ಮ ಕೈಯಾರೆ ಅಂಟಿಸಿದರು.

ಅಂದಿನಿಂದ ಪ್ರತಿ ವರ್ಷ ಮೇ ಕೊನೆಯ ಸೋಮವಾರ, ಯುದ್ಧದಲ್ಲಿ ಮಡಿದವರನ್ನು ನೆನೆಯುವ ಮೆಮೋರಿಯಲ್ ಡೇ ಮೆರವಣಿಗೆಯಲ್ಲಿ ಆ ಪಿಕಪ್ಪೇ ಮುಂದೆ. ಹಿಂದಿನ ತೊಟ್ಟಿಯಲ್ಲಿ ಎರಡು ಮಡಿಸುವ ಕುರ್ಚಿ, ಒಂದರಲ್ಲಿ ಗಾರ್ಲಂಡ್, ಇನ್ನೊಂದರಲ್ಲಿ ಡಾಯ್ಲ್. ಓಡಿಸುವವರು ಲವೇಡಾ. ಹತ್ತುವ ಮೊದಲು ಗಾರ್ಲಂಡ್ ತಮ್ಮ ಊರುಗೋಲಿನಿಂದ ಆ ಸ್ಟಿಕ್ಕರಿಗೆ ಎರಡು ಸಲ ತಟ್ಟುತ್ತಿದ್ದರು, ನೆರೆಮನೆಯ ಬಾಗಿಲು ತಟ್ಟಿದ ಹಾಗೆ. ಡಾಯ್ಲ್ ಕೈ ಕೊಟ್ಟು ಮೇಲಕ್ಕೆಳೆದುಕೊಳ್ಳುತ್ತಿದ್ದರು. ಆಮೇಲೆ ಇಬ್ಬರೂ ಊರುದ್ದಕ್ಕೂ ಒಂದು ಮಾತೂ ಆಡುತ್ತಿರಲಿಲ್ಲ. ಅವರಿಬ್ಬರ ಆ ಮೌನವನ್ನು ನೋಡಿ ನಾವು ಹುಡುಗರು ಟೋಪಿ ತೆಗೆಯುತ್ತಿದ್ದೆವು.

ಈ ಫೆಬ್ರವರಿಯಲ್ಲಿ ಡಾಯ್ಲ್ ತೀರಿಕೊಂಡರು. ಮೇ ಮೊದಲ ವಾರ ಲವೇಡಾ ಅಂಗಡಿಗೆ ಬಂದರು. ಗಾಡಿಯ ಹಿಂದೆ ಕಂಪನಿ ಹೆಸರಿನ ಹೊಳೆಯುವ ಅಕ್ಷರಗಳಲ್ಲಿ ಎರಡು ಉದುರಿಹೋಗಿದ್ದವು, ಪಕ್ಕದ ಬ್ಯಾಡ್ಜು ಬಿಳಿಚಿ ಸುಲಿಯುತ್ತಿತ್ತು, ಆ ಸ್ಟಿಕ್ಕರಿನ ಕೆಂಪೆಲ್ಲ ತಿಳಿ ಗುಲಾಬಿಯಾಗಿತ್ತು. ಈ ಸಲ ಮೆರವಣಿಗೆಯಲ್ಲಿ ಡಾಯ್ಲ್ ಕೂರುವ ಕುರ್ಚಿಯಲ್ಲಿ ಅವರ ಫೋಟೋ ಇಡುವುದೆಂದು ಊರಿನವರು ಗೊತ್ತುಮಾಡಿದ್ದರು. ಗಾಡಿ ಮದುಮಗಳ ಹಾಗಿರಬೇಕು ಎಂದು ಎಲ್ಲವನ್ನೂ ಹೊಸದಾಗಿ ತರಿಸಲು ಹೇಳಿದರು. ಸ್ಟಿಕ್ಕರನ್ನು ಅದೇ ಅಳತೆಯಲ್ಲಿ, ಅದೇ ಬಣ್ಣದಲ್ಲಿ ವಿಶೇಷವಾಗಿ ಮಾಡಿಸಬೇಕಾಯಿತು. ನಾನೇ ಆರ್ಡರ್ ಬರೆದುಕೊಂಡೆ. ಮೆರವಣಿಗೆಗೆ ಮುಂಚಿನ ಶನಿವಾರ ಬಂದು ಕೈಜೋಡಿಸುತ್ತೇನೆ ಎಂದೂ ಅಂದೆ. ಕೆಸರಿನ ಋಣ ಇತ್ತಲ್ಲ.

ಹೊಸ ಸ್ಟಿಕ್ಕರ್ ಬಂದು ಅವರು ಒಯ್ದದ್ದು ಆ ವಾರದ ಬುಧವಾರ. ಶುಕ್ರವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲೇ ಬಂದು ನಿಂತಿದ್ದರು. ಸುರುಳಿಯನ್ನು ಕೌಂಟರಿನ ಮೇಲಿಟ್ಟು, ವಾಪಸು ತಗೋ ಅಂದರು. ವಾಪಸು ತೆಗೆದುಕೊಳ್ಳಬೇಕಾದರೆ ಕಂಪ್ಯೂಟರು ಕಾರಣ ಕೇಳುತ್ತದೆ. ನಾನು ಎಂದಿನ ಹಾಗೆ ಪರದೆ ನೋಡುತ್ತ ಓದಿದೆ: ಮುರಿದಿದೆ, ಅಳತೆ ಸರಿಯಿಲ್ಲ, ಮನಸ್ಸು ಬದಲಾಯಿತು. ಯಾವುದು ಹಾಕಲಿ?

“ಸುಳ್ಳು ಅಂತ ಹಾಕು,” ಅಂದರು.

ಅಂಥ ಕಾರಣ ಪಟ್ಟಿಯಲ್ಲಿ ಇರಲಿಲ್ಲ. ನಾನು ಹಾಗೇ ಹೇಳಿದೆ, ಮೂರ್ಖನ ಹಾಗೆ, ಇನ್ನೂ ಪರದೆಯನ್ನೇ ನೋಡುತ್ತ. ಆಮೇಲೆ ತಲೆಯೆತ್ತಿದರೆ ಅವರ ಮುಖ ಕಂಡಿತು. ಕೈಚೀಲದಿಂದ ಒಂದು ಲಕೋಟೆ ತೆಗೆದು ನನ್ನ ಕಡೆ ತಳ್ಳಿದರು.

ಗೋರಿಗೆ ಸೇನೆಯ ಕಂಚಿನ ಫಲಕ ಹಾಕಿಸಬೇಕಾದರೆ ಸೇವೆಯ ದಾಖಲೆ ಬೇಕು. ಮನೆಯಲ್ಲಿ ಸಿಗಲಿಲ್ಲವೆಂದು ಮಾರ್ಚಿನಲ್ಲೇ ಅವರು ಪತ್ರ ಬರೆದು ಕೇಳಿದ್ದರು. ಅದು ಬಂದದ್ದು ಗುರುವಾರ. ಒಂದೇ ಹಾಳೆ. ಡಾಯ್ಲ್ ಆರ್. ಸ್ಟ್ರೌಡ್, ಹುದ್ದೆ: ಅಡುಗೆಯವರು. ಇಪ್ಪತ್ತೆರಡು ತಿಂಗಳು, ಇಡೀ ಕಾಲ ನಮ್ಮದೇ ದೇಶದ ಕಾನ್ಸಾಸಿನ ಒಂದು ಶಿಬಿರದ ಅಡುಗೆಮನೆ. ವಿದೇಶದಲ್ಲಿ ಸೇವೆ ಎಂಬ ಸಾಲಿನ ಮುಂದೆ ಒಂದು ಸೊನ್ನೆ. ಕೊನೆಗೆ ಉತ್ತಮ ನಡತೆಗೆ ಒಂದು ಪದಕ.

ಅಡುಗೆ ಮಾಡಿದ್ದೂ ಸೇವೆಯೇ ಅಲ್ಲವೇ, ಫಲಕ ಹೇಗೂ ಸಿಗುತ್ತದಲ್ಲ ಎಂದು ನಾನು ಏನೋ ಸಮಾಧಾನ ಹೇಳಲು ಹೋದೆ. ಸಿಗುತ್ತದೆ ಎಂದು ಒಪ್ಪಿದರು. ಫಲಕದ ಬಗ್ಗೆ ಅವರಿಗೆ ತಕರಾರಿರಲಿಲ್ಲ. ಹಾಳೆಯನ್ನು ಮತ್ತೆ ಎಳೆದುಕೊಂಡು, ಹುದ್ದೆಯ ಸಾಲಿನ ಮೇಲೆ ಬೆರಳಿಟ್ಟರು.

“ನಲವತ್ತೇಳು ವರ್ಷ,” ಅಂದರು. “ನಲವತ್ತೇಳು ವರ್ಷ ದಿನಾ ಬೆಳಿಗ್ಗೆ ಅವನಿಗೆ ಮೊಟ್ಟೆ ಹುರಿದು ಕೊಟ್ಟಿದೀನಿ ಕಣೋ. ನಂಗೆ ಜ್ವರ ಬಂದ ದಿನಾನೂ ಎದ್ದು. ಒಲೆ ಹಚ್ಚೋಕ್ ಬರಲ್ಲ ಅಂತಿದ್ದ.”

ವಿಶೇಷವಾಗಿ ಮಾಡಿಸಿದ ಸಾಮಾನು ವಾಪಸು ತೆಗೆದುಕೊಳ್ಳುವ ಹಾಗಿಲ್ಲ ಎಂದು ಅಂಗಡಿಯ ನಿಯಮ. ಅದನ್ನೂ ನಾನೇ ಹೇಳಬೇಕಾಯಿತು. ಅವರು ಸುರುಳಿಯನ್ನು ಕಂಕುಳಲ್ಲಿಟ್ಟುಕೊಂಡು ಹೋದರು. ಸಂಬಳಕ್ಕೆ ಕೆಲಸ ಮಾಡುವವನ ಬಾಯಿಂದ ಎಂಥ ಹೊತ್ತಿನಲ್ಲಿ ಎಂಥ ಮಾತು ಬರುತ್ತದೆ ಎನ್ನುವುದಕ್ಕೆ ಮಿತಿಯಿಲ್ಲ.

ಶನಿವಾರ ಹೋಗಲೋ ಬೇಡವೋ ಎಂದು ಯೋಚಿಸಿ ಹೋದೆ. ಅವರು ಗಾಡಿಯನ್ನು ಶೆಡ್ಡಿನ ಮುಂದೆ ನಿಲ್ಲಿಸಿ, ತೊಳೆದು, ಕೆಲಸ ಶುರುಮಾಡಿಯೇ ಬಿಟ್ಟಿದ್ದರು. ಮೊದಲು ಹೊಳೆಯುವ ಅಕ್ಷರಗಳು. ಅವುಗಳ ಮೇಲೂ ಕೆಳಗೂ ಕಾಗದದ ಟೇಪು ಅಂಟಿಸಿ ಸಾಲು ಗುರುತು ಮಾಡಿಕೊಂಡಿದ್ದರು. ನಾನು ಹೇರ್ ಡ್ರೈಯರ್ ಹಿಡಿದೆ. ಅವರು ಡಾಯ್ಲ್‌ರ ಗಾಳದ ದಾರವನ್ನು ಎರಡೂ ಕೈಗೆ ಸುತ್ತಿಕೊಂಡು ಅಕ್ಷರದ ಹಿಂದೆ ತೂರಿಸಿ ಗರಗಸದಂತೆ ಎಳೆದರು. ಒಂದೊಂದೇ ಅಕ್ಷರ ಅವರ ಅಂಗೈಗೆ ಬಿತ್ತು. ಉಳಿದ ಅಂಟಿಗೆ ಅಡುಗೆ ಎಣ್ಣೆ ಸವರಿ, ಅದು ನೆನೆದ ಮೇಲೆ ಹೆಬ್ಬೆರಳಿನಿಂದ ಉರುಳಿಸಿ ತೆಗೆದರು. ಹೊಸವನ್ನು ಟೇಪಿನ ಗೆರೆಗೆ ಕೂರಿಸಿದರು. ಒಂದನ್ನು ನಾನು ಕೂರಿಸಿದೆ. ಅವರು ಅದನ್ನು ಕಿತ್ತು ಮತ್ತೆ ಕೂರಿಸಿದರು.

ಸ್ಟಿಕ್ಕರಿನ ಸರದಿ ಬಂದಾಗ ಒಳಗೆ ಹೋಗಿ ಇಬ್ಬರಿಗೂ ತಣ್ಣನೆಯ ಸಿಹಿ ಚಹಾ ತಂದರು. ಮಂಜುಗಡ್ಡೆ ಕರಗುವವರೆಗೆ ಕೂತೆವು. ಡಾಯ್ಲ್ ಸುಳ್ಳು ಹೇಳಿದರೇ ಎನ್ನುವುದು ಅವರನ್ನು ಕೊರೆಯುತ್ತಿತ್ತು. ನೆನಪು ಮಾಡಿಕೊಂಡು ನೋಡಿದರೆ ಒಂದು ಸಲವೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ, ಅವರು ಹೇಳಿರಲಿಲ್ಲ, ಅಷ್ಟೆ. ಬಾಗಿಲಿಗೆ ಎದುರಾದ ಕುರ್ಚಿಯ ವಿಷಯ ಕೇಳಿದೆ. ಯಾರು ಬಂದರು ಯಾರು ಹೋದರು ನೋಡುವ ಚಪಲ ಇದ್ದಿರಬೇಕು ಅಂದರು. ಮತ್ತೆ ಪಟಾಕಿ?

“ಪಟಾಕಿ ಸದ್ದು ಅವನಿಗೆ ಆಗ್ತಿರ್ಲಿಲ್ಲ, ಅಷ್ಟೇ ಇರಬೇಕು. ನಮ್ಮ ನಾಯಿಗೂ ಆಗ್ತಿರ್ಲಿಲ್ಲ. ನಾಯಿಗೋಸ್ಕರ ನಾನು ನೆಲಮಾಳಿಗೇಲಿ ಕೂತಿದ್ನಾ?”

ನ್ಯಾಶ್‌ವಿಲ್‌ನ ಗಾಜಿನ ಕೋಣೆಯ ಬಗ್ಗೆ ನಾನು ಕೇಳಲಿಲ್ಲ. ಅವರೂ ಎತ್ತಲಿಲ್ಲ. ಆದರೆ ಲೋಟ ಕೆಳಗಿಟ್ಟ ರೀತಿಯಲ್ಲಿ ಅದು ಇತ್ತು.

ಸ್ಟಿಕ್ಕರ್ ಸುಲಭಕ್ಕೆ ಬರಲಿಲ್ಲ. ಇಪ್ಪತ್ತು ವರ್ಷದ ಬಿಸಿಲಿಗೆ ಬಿಸ್ಕತ್ತಿನ ಹಾಗೆ ಒಣಗಿ, ಉಗುರಗಲದ ಚೂರುಗಳಾಗಿ ಬಂತು. ಪೂರ್ತಿ ಬಿಡಿಸಿ, ಎಣ್ಣೆ ಹಾಕಿ, ಸೋಪಿನಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ ಎರಡು ಹೆಜ್ಜೆ ಹಿಂದೆ ಸರಿದೆವು.

ಸುತ್ತಲಿನ ನೀಲಿಯನ್ನೆಲ್ಲ ಬಿಸಿಲು ತಿಂದಿತ್ತು. ಸ್ಟಿಕ್ಕರಿನ ಅಡಿಯಲ್ಲಿದ್ದದ್ದು ಮಾತ್ರ ಗಾಡಿ ಕೊಂಡ ದಿನದ ಕಡು ನೀಲಿ. ಆ ಅಕ್ಷರಗಳನ್ನು ಬಿಡಿಬಿಡಿಯಾಗಿ ಕತ್ತರಿಸಿ ಮಾಡಿದ್ದರಿಂದ ಒಂದೊಂದೂ ಅಂಚು ಸಮೇತ ಉಳಿದಿತ್ತು. ಮಾಸಿದ ಸ್ಟಿಕ್ಕರ್ ಇದ್ದಾಗ ಹತ್ತಿರ ಹೋಗಿ ಓದಬೇಕಿತ್ತು. ಈಗ ರಸ್ತೆಯಿಂದಲೇ ಓದಬಹುದಾಗಿತ್ತು: ವಿಯೆಟ್ನಾಂ ಯೋಧ.

“ನೋಡು, ಎಷ್ಟು ನೆಟ್ಟಗೆ ಅಂಟ್ಸಿದೀನಿ,” ಅಂದರು ಲವೇಡಾ.

ಆ ಶನಿವಾರ ಮಧ್ಯಾಹ್ನವೆಲ್ಲ, ಭಾನುವಾರ ಚರ್ಚು ಮುಗಿದ ಮೇಲೆ ಮತ್ತೆ, ಅವರು ಪಾಲಿಷ್ ಹಾಕಿ ತಿಕ್ಕಿದರು. ಅಂಗಡಿಯಿಂದ ನಾನು ಮೂರು ಥರದ ಪಾಲಿಷ್ ಒಯ್ದೆ. ಸುತ್ತಲಿನ ಬಣ್ಣಕ್ಕೆ ಸ್ವಲ್ಪ ಜೀವ ಬಂತು, ಅಕ್ಷರ ಸ್ವಲ್ಪ ಮಂಕಾಯಿತು, ಹೋಗಲಿಲ್ಲ. ಇನ್ನೂ ತಿಕ್ಕಿದರೆ ಕೆಳಗಿನ ಬಿಳಿ ಪದರ ಕಾಣುತ್ತದೆ ಎಂದು ನಾನು ಕೈ ಹಿಡಿದೆ. ಅವರ ಬೆರಳ ಗಂಟುಗಳು ಊದಿಕೊಂಡಿದ್ದವು.

ನನಗೊಂದು ಉಪಾಯ ಹೊಳೆದಿತ್ತು. ಇನ್ನೊಂದು ಥರದ ಸ್ಟಿಕ್ಕರ್ ಸಿಗುತ್ತದೆ. ಪಟ್ಟಿ ಅದೇ, ಬಣ್ಣ ಅದೇ. ಬರಹ ಮಾತ್ರ ಬೇರೆ: ಆ ಯುದ್ಧದ ಕಾಲದಲ್ಲಿ ಸೇನೆಯಲ್ಲಿದ್ದವರು, ಎಲ್ಲೇ ಇದ್ದಿರಲಿ, ಹಾಕಿಕೊಳ್ಳಬಹುದಾದ್ದು. ನಮ್ಮ ಅಂಗಡಿಯಲ್ಲೇ ಒಂದು ಇತ್ತು, ಜೇಬಿನಲ್ಲಿಟ್ಟುಕೊಂಡು ಬಂದಿದ್ದೆ. ಸುಳ್ಳಲ್ಲ, ಮಾನವೂ ಉಳಿಯುತ್ತದೆ, ಹಳೆಯ ಅಕ್ಷರವೂ ಮುಚ್ಚುತ್ತದೆ. ತೆಗೆದು ತೋರಿಸಿದೆ. ನನ್ನ ಜಾಣತನಕ್ಕೆ ನಾನೇ ಬೆರಗಾಗಿದ್ದೆ ಎಂದು ಹೇಳಿಬಿಡುತ್ತೇನೆ.

ಅವರು ಅದನ್ನು ತೋಳಿನಷ್ಟು ದೂರ ಹಿಡಿದು ನೋಡಿದರು. ದಪ್ಪಕ್ಷರದಲ್ಲಿ ವಿಯೆಟ್ನಾಂ, ಅದರ ಕೆಳಗೆ ಇರುವೆ ಸಾಲಿನಷ್ಟು ಸಣ್ಣದಾಗಿ ಉಳಿದದ್ದು. ಗಾಡಿ ಓಡುವಾಗ ಈ ಸಣ್ಣದನ್ನು ಯಾರು ಓದುತ್ತಾರೆ ಎಂದು ಕೇಳಿದರು. ಯಾರೂ ಓದುವುದಿಲ್ಲ, ಅದೇ ಅನುಕೂಲ ಎಂದೆ.

“ಇಪ್ಪತ್ತಾರು ವರ್ಷ ಇದೇ ಕೆಲಸ ಮಾಡಿದೀನಿ ಮಗಾ,” ಅಂದರು. “ಊಟದ ಮುಂಚೆ ಒಂದು, ಆಮೇಲೆ ಒಂದು. ಸಾಕಾಗಿದೆ.”

ಹಾಗಾದರೆ ಹಾಗೇ ಬರಿದಾಗಿ ಬಿಡುತ್ತೀರಾ ಎಂದೆ. ಡಾಯ್ಲ್ ಹೋದರು, ಅವರಿಗೆ ಇನ್ನು ಮಾನವೂ ಇಲ್ಲ ಅವಮಾನವೂ ಇಲ್ಲ. ನನ್ನ ಮಟ್ಟಿಗೆ ನಾನು ಹೇಗೋ ನುಂಗಿಕೊಳ್ಳಬಲ್ಲೆ ಅಂದರು. ಅವರಿಗೆ ನುಂಗಲಾಗದಿದ್ದದ್ದು ಗಾರ್ಲಂಡ್. ಆ ಯುದ್ಧಕ್ಕೆ ನಮ್ಮ ತಾಲೂಕಿನಿಂದ ಹೋದವರಲ್ಲಿ ಕೆಲವರು ತಿರುಗಿ ಬರಲಿಲ್ಲ, ಬಂದವರು ಒಬ್ಬೊಬ್ಬರಾಗಿ ತೀರಿಕೊಂಡರು. ಗಾರ್ಲಂಡ್ ಪಕ್ಕದಲ್ಲಿ ಕೂರಲು ಡಾಯ್ಲ್ ಒಬ್ಬರೇ ಉಳಿದಿದ್ದದ್ದು. ಇಪ್ಪತ್ತು ವರ್ಷ ಆ ಮನುಷ್ಯ ತನ್ನ ಜೊತೆಯವನೆಂದು ನಂಬಿ ಒಬ್ಬನ ಪಕ್ಕ ಬಾಯಿ ಮುಚ್ಚಿ ಕೂತಿದ್ದಾನೆ. ಈಗ ಆ ಪಕ್ಕದ ಕುರ್ಚಿಯಲ್ಲಿ ಯಾವತ್ತೂ ಯಾರೂ ಇರಲಿಲ್ಲ ಎಂದು ಹೇಳುವುದು ಹೇಗೆ? ಹೇಳದೆ, ಹೊಸ ಸ್ಟಿಕ್ಕರ್ ಅಂಟಿಸಿ, ಅವನು ಊರುಗೋಲಿನಿಂದ ತಟ್ಟುವುದನ್ನು ಕನ್ನಡಿಯಲ್ಲಿ ನೋಡುತ್ತ ಕೂರುವುದು ಹೇಗೆ? ಅದು ಸುಳ್ಳೆಂದು ಡಾಯ್ಲ್‌ಗೆ ಗೊತ್ತೇ ಇತ್ತು. ಆದರೂ ಅಂಟಿಸಿದವಳು ನಾನು, ಆಗ ನನಗೆ ಗೊತ್ತಿರಲಿಲ್ಲ. ನಾಳೆ ಅಂಟಿಸಿದರೆ ಗೊತ್ತಿದ್ದು ಅಂಟಿಸಿದ ಹಾಗೆ ಅಂದರು. ಹೊಸ ಸ್ಟಿಕ್ಕರ್ ಆ ಕಡು ನೀಲಿಯ ಮೇಲೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಕೂರುತ್ತಿತ್ತು. ಸೋಪಿನ ನೀರಿನ ಬಾಟಲಿ ಪಕ್ಕದಲ್ಲೇ ಇತ್ತು. ಹತ್ತು ನಿಮಿಷದ ಕೆಲಸ.

ನೀವು ಏನು ಮಾಡಿದರೂ ನಾನು ಬಾಯಿ ಬಿಡುವುದಿಲ್ಲ ಎಂದೆ. ನಾನು ದೊಡ್ಡ ಮಾತು ಆಡಿದೆ ಎಂದೇ ಅನಿಸಿತ್ತು.

“ನೀನು ಬಾಯಿ ಬಿಡಲ್ಲ, ಊರು ಬಾಯಿ ಬಿಡಲ್ಲ,” ಅಂದರು, ಬಟ್ಟೆ ಹಿಂಡುತ್ತ. “ಅದರಿಂದಾನೇ ಅಲ್ವಾ ಇಲ್ಲಿಗೆ ಬಂದಿದ್ದು.”

ಸೋಮವಾರ ಬೆಳಿಗ್ಗೆ ಮೆರವಣಿಗೆ ಹೊರಡುವುದು ಬ್ಯಾಪ್ಟಿಸ್ಟ್ ಚರ್ಚಿನ ಅಂಗಳದಿಂದ. ಶಾಲೆಯ ಬ್ಯಾಂಡಿನವರು ತುತ್ತೂರಿ ಸರಿಮಾಡಿಕೊಳ್ಳುತ್ತಿದ್ದರು. ಅಗ್ನಿಶಾಮಕ ದಳದ ಗಾಡಿ ಬಂದಿತ್ತು. ಹೆಂಗಸರು ಬಾಳೆಹಣ್ಣಿನ ಪುಡಿಂಗಿನ ದೊಡ್ಡ ಬಟ್ಟಲುಗಳನ್ನು ನೆರಳಿಗೆ ಸಾಗಿಸುತ್ತಿದ್ದರು. ನೀಲಿ ಪಿಕಪ್ ಬಂದು ತನ್ನ ಜಾಗದಲ್ಲಿ ನಿಂತಿತು. ಹೊಸ ಅಕ್ಷರಗಳು ಬಿಸಿಲಿಗೆ ಕಣ್ಣು ಕುಕ್ಕುತ್ತಿದ್ದವು. ಹಿಂಬಾಗಿಲು ನೋಡುವುದಕ್ಕೆ ನನಗೆ ಧೈರ್ಯ ಸಾಲದೆ ಮೊದಲು ಒಳಗೆ ನೋಡಿದೆ. ಪಕ್ಕದ ಸೀಟಿನ ಮೇಲೆ ಸ್ಟಿಕ್ಕರಿನ ಸುರುಳಿ ಹಾಗೇ ಇತ್ತು, ರಬ್ಬರ್ ಬ್ಯಾಂಡ್ ಹಾಕಿದ್ದು. ಅದರ ಪಕ್ಕ ಸೋಪಿನ ನೀರಿನ ಬಾಟಲಿ. ಕೊನೆಯ ಗಳಿಗೆಗೆ ಬೇಕಾದೀತು ಎಂದು ತಂದಿದ್ದರೋ ಏನೋ. ಲವೇಡಾ ಭಾನುವಾರದ ನೀಲಿ ಉಡುಪು ತೊಟ್ಟು ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು.

ತೊಟ್ಟಿಯಲ್ಲಿ ಎರಡು ಕುರ್ಚಿ ಹಾಕಿದ್ದರು. ಒಂದರಲ್ಲಿ ಡಾಯ್ಲ್ ಫೋಟೋ, ಬೀಳದ ಹಾಗೆ ದಾರ ಕಟ್ಟಿ.

ಜನ ಆಗಲೇ ನೋಡಿದ್ದರು. ಹಿಂಬಾಗಿಲಿನ ಹತ್ತಿರ ಬಂದವರು ಒಂದು ಕ್ಷಣ ನಿಂತು, ಆ ಕಡು ನೀಲಿಯನ್ನು ಓದಿ, ಹವಾಮಾನದ ಬಗ್ಗೆ ಮಾತಾಡುತ್ತ ಮುಂದೆ ಹೋಗುತ್ತಿದ್ದರು. ಕೇಳಬಾರದು ಎಂಬ ಮರ್ಯಾದೆ ಇದೆಯಲ್ಲ. ಹೀಗೇ ಎಲ್ಲರೂ ಮರ್ಯಾದೆಯಿಂದ ನಡೆದುಕೊಂಡರೆ ಮೆರವಣಿಗೆ ಮುಗಿದುಹೋಗುತ್ತದೆ, ಲವೇಡಾ ಏನನ್ನೂ ಹೇಳಬೇಕಾಗಿ ಬರುವುದಿಲ್ಲ ಎಂದು ನನಗೆ ಆಸೆ ಹುಟ್ಟಿತು. ಆ ಆಸೆ ಎಂಥದ್ದು ಎಂದು ಯೋಚಿಸಿದರೆ ಈಗ ನಾಚಿಕೆಯಾಗುತ್ತದೆ.

ಗಾರ್ಲಂಡ್ ಬಂದರು. ಇಸ್ತ್ರಿ ಮಾಡಿದ ಬಿಳಿ ಶರಟು, ತಲೆಗೆ ಹಳೇ ಸೈನಿಕರ ಸಂಘದ ಟೋಪಿ. ನನ್ನನ್ನು ಕಂಡು, ಏನಯ್ಯ ಫೋರ್-ಬೈ, ಇವತ್ತು ಒಣನೆಲ, ಹೆದರಬೇಡ ಅಂದರು. ಸುತ್ತಲಿನವರು ನಕ್ಕರು. ಎಂದಿನ ಹಾಗೆ ಹಿಂಬಾಗಿಲಿಗೆ ಹೋಗಿ, ಎಂದಿನ ಹಾಗೆ ಊರುಗೋಲು ಎತ್ತಿದರು. ಎತ್ತಿದ ಕೋಲು ಹಾಗೇ ನಿಂತಿತು.

ಅವರು ಬಗ್ಗಿದರು. ಮಾಸಿದ ನೀಲಿಯ ಮೇಲೂ ಕಡು ನೀಲಿಯ ಮೇಲೂ ಹೆಬ್ಬೆರಳಾಡಿಸಿ ನೋಡಿದರು. ಎಷ್ಟು ತಿಕ್ಕಿದ್ದಾರೆ ಎಂದು ಅವರಿಗೆ ತಿಳಿದಿರಬೇಕು. ತಾನಾಗಿ ಉದುರಿದ್ದಲ್ಲ ಎಂದು ಯಾರಿಗಾದರೂ ತಿಳಿಯುತ್ತಿತ್ತು. ಆಮೇಲೆ ಕೋಲೂರುತ್ತ ಗಾಡಿಯ ಪಕ್ಕಕ್ಕೆ ನಡೆದು, ಲವೇಡಾ ಕೂತ ಕಡೆಯ ಕಿಟಕಿಯ ಬಳಿ ನಿಂತರು. ಕಿವಿ ಮಂದವಾದ್ದರಿಂದ ಅವರ ಮೆಲುದನಿ ಎಂದರೆ ಬೇರೆಯವರ ಕೂಗು. ಬ್ಯಾಂಡಿನ ಹುಡುಗರು ತುತ್ತೂರಿ ಇಳಿಸಿದರು.

“ಲವೇಡಾ, ಡಾಯ್ಲ್‌ಗೆ ನಾನು ಕೊಟ್ಟಿದ್ದು ಕಣೇ ಅದು. ಯಾಕೆ ಕಿತ್ತೆ?”

ಲವೇಡಾ ಪಕ್ಕದ ಸೀಟಿನ ಸುರುಳಿಯ ಕಡೆ ಒಂದು ಸಲ ನೋಡಿದರು. ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ, ಗಾರ್ಲಂಡರ ಕೇಳುವ ಕಿವಿಯ ಕಡೆಗೆ, ಅಂಗಳಕ್ಕೆಲ್ಲ ಕೇಳುವ ಹಾಗೆ ಹೇಳಿದರು:

“ಅವನು ಅಲ್ಲಿಗೆ ಹೋಗೇ ಇರ್ಲಿಲ್ಲ ಗಾರ್ಲಂಡ್. ಕಾನ್ಸಾಸಲ್ಲಿ ಮೊಟ್ಟೆ ಹುರೀತಿದ್ದ.”